ಹಳೇ ಕೇಸ್‌ಗಳಿಂದ ಶೆಡ್ಯೂಲ್ ರಿಪೇರಿ: ಯಾರಾದ್ರೂ ಮಾಡಿದೀರಾ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಮಷಿನ್ ಶಾಪ್, 11 ಸಿಎನ್‌ಸಿ (ಕಂಪ್ಯೂಟರ್ ನಡೆಸೋ) ಮಷಿನ್. ಸೋಮವಾರ ಹಾಕಿದ ಪ್ಲಾನ್ ಬುಧವಾರಕ್ಕೆ ಎಕ್ಕುಟ್ಟಿ ಹೋಗಿರತ್ತೆ, ಮಷಿನ್ ನಿಲ್ಲತ್ತೆ, ಇಲ್ಲಾ ಅರ್ಜೆಂಟ್ ಆರ್ಡರ್ ಬರತ್ತೆ. ಸರಿಮಾಡೋದು ನಮ್ಮ ಹಳೇ ಪ್ಲಾನರ್ ಒಬ್ರೇ, ಅವ್ರು ಮುಂದಿನ ವರ್ಷ ರಿಟೈರ್. ಅವ್ರು ಇಷ್ಟು ವರ್ಷ ಪ್ಲಾನ್ ಸರಿಮಾಡಿದ ಒಂದೊಂದು ಸಲಾನೂ ಒಂದು ಕೇಸ್ ಅಂತ ಬರೆದಿಟ್ಟು, ಅದನ್ನ ನೋಡಿ ಸಾಫ್ಟ್‌ವೇರೇ ರಿಪೇರಿ ಮಾಡೋ ಹಾಗೆ ಆಗತ್ತಾ?

ಉತ್ತರ 1: ಆಗತ್ತೆ ಸರ್, ಆದ್ರೆ ನಾವು ಮಾಡಿದ ತಪ್ಪು ಮಾಡ್ಬೇಡಿ. ಮೊದಲ ಆರು ತಿಂಗಳು ಯಾವ ಜಾಬ್ ಎಲ್ಲಿಂದ ಎಲ್ಲಿಗೆ ಸರಿಸಿದ್ವಿ ಅಷ್ಟೇ ಬರೆದಿಟ್ವಿ. ಆಮೇಲೆ ಒಂದಿನ ಲೇತ್ ಒಂದರ ಸ್ಪಿಂಡಲ್ ಬೇರಿಂಗ್ ಹೋಯ್ತು, ಹಳೇ ಕೇಸ್ ನೋಡಿ ಸಿಸ್ಟಮ್ ಶಾಫ್ಟ್ ಲಾಟನ್ನ ಪಕ್ಕದ ಮಷಿನ್‌ಗೆ ಹಾಕ್ತು, ಹಿಂದಿನ ಸಲ ಹಾಗೇ ಮಾಡಿದ್ವಿ ನಿಜ, ಆದ್ರೆ ಆವತ್ತು ಪಾರ್ಟ್ ಹಿಡಿಯೋ ಸಾಫ್ಟ್ ಜಾ ಖಾಲಿ ಇತ್ತು, ಈ ಸಲ ಇನ್ನೊಂದು ಜಾಬ್ ಮೇಲೆ ಕೂತಿತ್ತು. ಸೆಟಪ್‌ಗೇ ಎರಡೂವರೆ ಗಂಟೆ, ಹೀಟ್ ಟ್ರೀಟ್‌ಮೆಂಟ್‌ಗೆ ಹೋಗೋ ಸಂಜೆ ಟೆಂಪೋ ತಪ್ತು, ಅಲ್ಲಿಗೆ ಒಂದಿಡೀ ದಿನ ಹೋಯ್ತು. ಈಗ ಪ್ರತಿ ಕೇಸಲ್ಲೂ ಫಿಕ್ಸ್ಚರ್ (ಪಾರ್ಟ್ ಹಿಡಿದಿಡೋ ಸಾಧನ) ಎಲ್ಲಿತ್ತು, ಮುಂದಿನ ಆಪರೇಷನ್‌ಗೆ ಎಷ್ಟು ಗ್ಯಾಪ್ ಇತ್ತು, ಸರಿಸಿದ ಮೇಲೆ ಬೇರೆ ಯಾವ್ಯಾವ ಜಾಬ್ ಲೇಟಾಯ್ತು, ಪ್ಲಾನರ್ ಒಪ್ಪಿದ್ರಾ ಇಲ್ವಾ, ಎಲ್ಲಾ ಬರೀತೀವಿ. ಕೆಟ್ಟು ಹೋದ ರಿಪೇರಿನ ಅಳಿಸ್ಲೇಬೇಡಿ, ಅದೇ ಹೆಚ್ಚು ಕಲಿಸೋದು. ಅಮೆರಿಕದ ಕಾರ್ನೆಗಿ ಮೆಲನ್ ಯೂನಿವರ್ಸಿಟಿಲಿ ಮಿಯಾಶಿತಾ, ಸೈಕಾರಾ ಅನ್ನೋ ಸಂಶೋಧಕರು 1990ರ ದಶಕದಲ್ಲೇ ಹಳೇ ಕೇಸ್ ನೋಡಿ ಶೆಡ್ಯೂಲ್ ರಿಪೇರಿ ಮಾಡೋ ಕ್ಯಾಬಿನ್ಸ್ ಅಂತ ಒಂದು ಸಿಸ್ಟಮ್ ಮಾಡಿದ್ರು, ಅದ್ರಲ್ಲೂ ಫೇಲಾದ ಪ್ರಯತ್ನಗಳನ್ನ ಕೇಸ್ ಜೊತೆಗೇ ಇಟ್ಕೊಂಡಿದ್ರು.

ಉತ್ತರ 2: ಸಾವಿರ ಕೇಸ್ ಆಗ್ಲಿ ಅಂತ ಕಾಯ್ಬೇಡಿ. ಅಮೆರಿಕದ ವಿಮಾನ ಕಂಪನಿ ಲಾಕ್‌ಹೀಡ್‌ನವರು ವಿಮಾನದ ಕಾಂಪೊಸಿಟ್ ಪಾರ್ಟ್ ಬೇಯಿಸೋ ಆಟೋಕ್ಲೇವ್‌ಗೆ (ಒತ್ತಡದ ದೊಡ್ಡ ಒಲೆಗೆ) ಯಾವ ಪಾರ್ಟ್ ಎಲ್ಲಿಡೋದು ಅಂತ ಹೇಳೋಕೆ ಕ್ಲೇವಿಯರ್ ಅನ್ನೋ ಸಿಸ್ಟಮ್ ಮಾಡಿ, ಸರಿಯಾಗಿ ಬಂದ 20 ಲೋಡ್‌ಗಳಿಂದ ಶುರುಮಾಡಿದ್ರು, ಬಳಸ್ತಾ ಬಳಸ್ತಾ ನೂರಾರು ಆಯ್ತು. ಮತ್ತೆ ಮಾರಿಬಿಟ್ಟ ಮಷಿನ್‌ನ ಕೇಸ್ ತೆಗೆದು ಪಕ್ಕಕ್ಕಿಡಿ, ಇಲ್ಲಾಂದ್ರೆ ಇಲ್ದೇ ಇರೋ ಮಷಿನ್‌ಗೆ ಕೆಲಸ ಹಾಕತ್ತೆ.

ಉತ್ತರ 3: ನಾನೂ ಪ್ಲಾನಿಂಗಲ್ಲೇ ಇದ್ದು ರಿಟೈರ್ ಆದೋನು ಕಣಪ್ಪ. ಯಾಕೆ ಹೀಗೆ ಮಾಡಿದ್ರಿ ಅಂತ ಕೇಳಿದ್ರೆ ನಮಗೆ ಹೇಳಕ್ಕೇ ಬರಲ್ಲ, ಕೈ ಹಂಗೆ ಹೋಗಿರತ್ತೆ. ಎರಡು ಪ್ಲಾನ್ ಪ್ರಿಂಟ್ ತೆಗೆದು ಮುಂದಿಟ್ಟು ಇದ್ರಲ್ಲಿ ಯಾವ್ದು ಬೇಡ ಅಂತ ಕೇಳಿ, ಥಟ್ಟಂತ ಹೇಳ್ತಾರೆ, ಕಾರಣಾನೂ ತಾನಾಗೇ ಬಾಯಿಗೆ ಬರತ್ತೆ. ಅದನ್ನ ಅಲ್ಲೇ ಬರ್ಕೊಳ್ಳಿ. ಶಿಫ್ಟ್ ಬದಲಾಗೋ ಹೊತ್ತಲ್ಲಿ ಮಾತ್ರ ಹೋಗ್ಬೇಡಿ, ಬೆಳಗ್ಗೆ ಕಾಫಿ ಆದ್ಮೇಲೆ ಹೋಗಿ.