ಅಡಿಕೆ ಸುಲಿಯುವ ಮೆಷಿನ್: ಬೋಲ್ಟ್ ಹಾಕಿದರೂ ಮೋಟರ್ ಸಡಿಲ ಆಗುತ್ತದೆ

ಬದಿಯಡ್ಕದ ತೋಟದವ:
ಚಾಲಿ (ಬಿಸಿಲಿಗೆ ಒಣಗಿಸಿದ ಅಡಿಕೆ) ಸುಲಿಯುವ ಮೆಷಿನಿಗೆ 1 ಎಚ್‌ಪಿ ಮೋಟರ್. 50 ಮಿ.ಮೀ. ದಪ್ಪದ ಹಲಸಿನ ಹಲಗೆಗೆ ನಾಲ್ಕು ಬೋಲ್ಟ್ ಹಾಕಿ ಕೂರಿಸಿದ್ದೇನೆ. ಎರಡು ಗೋಣಿ ಸುಲಿಯುವಷ್ಟರಲ್ಲಿ ಮೋಟರ್ ಅಲ್ಲಾಡುತ್ತದೆ, ಬೆಲ್ಟ್ ಜಾರುತ್ತದೆ. ಬಿಗಿ ಮಾಡಲು ಹೋದರೆ ಬೋಲ್ಟ್ ಸುಮ್ಮನೆ ತಿರುಗುತ್ತದೆ. ಇನ್ನೂ ದೊಡ್ಡದು ಹಾಕಬೇಕಾ?

ಮುಳ್ಳೇರಿಯ ವರ್ಕ್‌ಶಾಪ್:
ಅಣ್ಣ, ಹಲಗೆಯ ಅಡಿಯಲ್ಲಿ ನಟ್ ಉಂಟಾ? ಒಂದನ್ನು ಬಿಚ್ಚಿ ತುದಿ ನೋಡಿ.

ಬದಿಯಡ್ಕದ ತೋಟದವ:
ನಟ್ ಇಲ್ಲ. ತುದಿ ಚೂಪು. ಆದರೆ ತಲೆ ಆರು ಮೂಲೆಯದ್ದು, 13ರ ಸ್ಪಾನರ್ ಸರಿಯಾಗಿ ಕೂರುತ್ತದೆ.

ಮುಳ್ಳೇರಿಯ ವರ್ಕ್‌ಶಾಪ್:
ಹಾಗಾದರೆ ಅದು ಕೋಚ್ ಸ್ಕ್ರೂ, ಬೋಲ್ಟ್ ಅಲ್ಲ. ತಲೆ ನೋಡಿ ಹೆಸರು ಹೇಳಲಿಕ್ಕೆ ಆಗುವುದಿಲ್ಲ. ಸ್ಕ್ರೂ ಮರದೊಳಗೆ ತಾನೇ ತ್ರೆಡ್ (ಸುರುಳಿ ಗೆರೆ) ಕೊರೆದುಕೊಂಡು ಆ ನಾರನ್ನೇ ಕಚ್ಚಿ ನಿಲ್ಲುತ್ತದೆ. ಬೋಲ್ಟ್ ಮರವನ್ನು ಕಚ್ಚುವುದೇ ಇಲ್ಲ. ಆಚೆ ತುದಿಯ ನಟ್ ಬಿಗಿದಾಗ ಮೋಟರಿನ ಕಾಲು, ಹಲಗೆ ಎರಡನ್ನೂ ನಡುವೆ ಅಮುಕಿ ಹಿಡಿಯುತ್ತದೆ. ಬೆಲ್ಟ್ ಬಿಗಿ ಮಾಡಲು ಎಷ್ಟು ಸಲ ಬಿಚ್ಚಿದ್ದೀರಿ?

ಬದಿಯಡ್ಕದ ತೋಟದವ:
ವಾರಕ್ಕೊಮ್ಮೆಯಾದರೂ ಬಿಚ್ಚುತ್ತೇನೆ.

ಮುಳ್ಳೇರಿಯ ವರ್ಕ್‌ಶಾಪ್:
ಅದೇ ಕಾರಣ. ಪ್ರತಿ ಸಲ ಬಿಚ್ಚಿ ಹಾಕುವಾಗ ಮರದ ತ್ರೆಡ್ ಸವೆಯುತ್ತದೆ, ಉಳಿದದ್ದನ್ನು ಮೆಷಿನಿನ ನಡುಕ ಮುಗಿಸುತ್ತದೆ. ದಪ್ಪದ ಸ್ಕ್ರೂ ಹಾಕಿದರೆ ಒಂದು ತಿಂಗಳು ನಿಂತೀತು. ಸಡಿಲಾದ ತೂತಿಗೆ ಬೆಂಕಿಕಡ್ಡಿ ತುರುಕುವುದು ಬಾಗಿಲ ತಿರುಗಣೆಗೆ ಸರಿ, ಮೋಟರಿಗೆ ಖಂಡಿತ ಬೇಡ.

ಕರೆಂಟ್ ತೆಗೆದು, ಅದೇ ತೂತನ್ನು 9 ಮಿ.ಮೀ. ಬಿಟ್‌ನಲ್ಲಿ ಆರುಪಾರು ಕೊರೆಯಿರಿ. ಎಂ8 (8 ಮಿ.ಮೀ. ದಪ್ಪದ) ಬೋಲ್ಟ್, 80 ಮಿ.ಮೀ. ಉದ್ದ ತನ್ನಿ: ಹಲಗೆ 50, ಮೋಟರಿನ ಕಾಲು ಸುಮಾರು 10, ಎರಡು ವಾಷರ್, ನಟ್, ಅದರಾಚೆ ಎರಡು ಮೂರು ತ್ರೆಡ್ ಹೊರಗೆ. ಅಡಿಗೆ ಅಗಲದ ವಾಷರೇ ಬೇಕು, ಇಲ್ಲದಿದ್ದರೆ ನಟ್ ಮರದೊಳಗೆ ಹೂತುಹೋಗುತ್ತದೆ. ನಟ್ ನೈಲಾನ್ ಬಳೆ ಇರುವ ನೈಲಾಕ್ ಆಗಲಿ. ನಮ್ಮ ಕಾಸರಗೋಡಿನ ಅಂಗಡಿಯಲ್ಲಿ ಮಲಯಾಳದಲ್ಲಿ ‘ಪಿರಿಯಾಣಿ’ ಅಂದರೆ ಪುನಃ ಸ್ಕ್ರೂವನ್ನೇ ಕೊಟ್ಟಾರು, ‘ಬೋಲ್ಟ್, ನಟ್ ಸಮೇತ’ ಅಂತ ಕೇಳಿ.

ಪೆರ್ಲದ ಓದುಗ:
ತಲೆಯವರೆಗೂ ತ್ರೆಡ್ ಇರುವುದನ್ನು ಕೊಟ್ಟರೆ?

ಮುಳ್ಳೇರಿಯ ವರ್ಕ್‌ಶಾಪ್:
ಒಳ್ಳೆಯ ಪ್ರಶ್ನೆ. ಭಾರತೀಯ ಮಾನಕ ಐಎಸ್ 1364ರಲ್ಲಿ ಅದಕ್ಕೂ ಸ್ಕ್ರೂ ಅಂತಲೇ ಹೆಸರು. 1ನೇ ಭಾಗ ಬೋಲ್ಟಿಗೆ, 2ನೇ ಭಾಗ ಸ್ಕ್ರೂವಿಗೆ. ನಟ್ ಹಾಕಿದರೆ ಕೆಲಸ ನಡೆಯುತ್ತದೆ. ಆದರೆ ಇಲ್ಲಿ ಬೆಲ್ಟ್ ಅಡ್ಡಕ್ಕೆ ಎಳೆಯುವುದರಿಂದ ತಲೆಯ ಕೆಳಗೆ ತ್ರೆಡ್ ಇಲ್ಲದ ನುಣುಪು ಕುತ್ತಿಗೆ ಇರುವುದೇ ಮೇಲು.

ಬದಿಯಡ್ಕದ ತೋಟದವ:
ಬೋಲ್ಟ್, ನಟ್ ತಂದೆ. ನಟ್ ಎರಡು ಸುತ್ತು ಹೋಗಿ ಕಚ್ಚಿಕೊಂಡಿತು!

ಮುಳ್ಳೇರಿಯ ವರ್ಕ್‌ಶಾಪ್:
ಒತ್ತಾಯ ಮಾಡಬೇಡಿ. ಬೋಲ್ಟ್ 5/16 ಇಂಚಿನದ್ದಿರಬೇಕು. ಅದು 7.94 ಮಿ.ಮೀ., ಕಣ್ಣಿಗೆ ಎಂ8ರ ಹಾಗೆಯೇ ಕಾಣುತ್ತದೆ. ಆದರೆ ಅದರಲ್ಲಿ ಇಂಚಿಗೆ 18 ತ್ರೆಡ್, ಅಂದರೆ 1.41 ಮಿ.ಮೀ. ಅಂತರ. ಎಂ8ಕ್ಕೆ 1.25. ಅಂಗಡಿಯಲ್ಲೇ ನಟ್ ಕೈಯಿಂದ ತಿರುಗಿಸಿ ನೋಡಿ. ನೈಲಾನ್ ಬಳೆ ತಾಗುವವರೆಗೆ ಬೆರಳಲ್ಲೇ ಓಡಬೇಕು.

ಬದಿಯಡ್ಕದ ತೋಟದವ:
ಬದಲಿಸಿ ತಂದೆ, ಹೇಳಿದ ಹಾಗೆ ಓಡಿತು. ಇವತ್ತು ಆರು ಗೋಣಿ ಸುಲಿದಾಯಿತು, ಮೋಟರ್ ಅಲ್ಲಾಡಲಿಲ್ಲ. ತುಂಬಾ ಉಪಕಾರ ಅಣ್ಣ.

ಮುಳ್ಳೇರಿಯ ವರ್ಕ್‌ಶಾಪ್:
ಸಂತೋಷ. ಮಳೆಗಾಲದಲ್ಲಿ ಉಬ್ಬಿದ ಮರ ಬೇಸಗೆಯಲ್ಲಿ ಕುಗ್ಗುತ್ತದೆ. ಆಗ ನಾಲ್ಕೂ ನಟ್ಟಿಗೆ ಒಮ್ಮೆ ಸ್ಪಾನರ್ ಹಾಕಿ ನೋಡಿ.