ಕಾರಿನ ಫಿಲ್ಟರ್‌ಗೆ ‘ಸೋಸು’ ಒಪ್ಪುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಪರಿಚಯದ ಗ್ಯಾರೇಜಿನವರೊಬ್ಬರು ಗಿರಾಕಿಗಳಿಗೆ ಹಂಚಲು ಒಂದು ಪುಟ ಕನ್ನಡದಲ್ಲಿ ಬರೆದುಕೊಡಿ ಎಂದರು: ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ನೋಡಿಕೊಳ್ಳುವ ಬಗೆ. ಅರ್ಧ ಗಂಟೆ ಸಾಕು ಅಂದುಕೊಂಡಿದ್ದೆ. ‘ಫಿಲ್ಟರ್’ ಹತ್ತಿರವೇ ಗಾಡಿ ನಿಂತಿದೆ.

ಮೊದಲು ‘ಸೋಸುಕ’ ಎಂದು ಬರೆದೆ. ಓದಿದ ಭಾವಮೈದ, “ಹಂಗಾದ್ರೆ ಟೀ ಸೋಸೋದರ ಥರ ತೊಳೆದು ಇಟ್ಕೋಬಹುದಾ?” ಅಂದ. ತಮಾಷೆಗಲ್ಲ. ಹೋದ ವರ್ಷ ಇವನೇ ಕಾಗದದ ಏರ್ ಫಿಲ್ಟರನ್ನು ಸೋಪಿನ ಪುಡಿಯಲ್ಲಿ ನೆನೆಸಿ ತಾರಸಿಯ ಮೇಲೆ ಒಣಹಾಕಿದ್ದ. ಮಡಿಕೆಗಳೆಲ್ಲ ಅಂಟಿಕೊಂಡು, ಬಿಸಿಲಿಗೆ ಹಪ್ಪಳದ ಹಾಗೆ ಮುರುಟಿತ್ತು.

ತೊಡಕು ಅಲ್ಲೇ ಇದೆ. ಸೋಸಣಿಗೆ, ಜರಡಿ ಅಂದಕೂಡಲೇ ಕೈ ತೊಳೆಯಲು ಹೋಗುತ್ತದೆ. ಜರಡಿಯಲ್ಲಿ ಕಣ್ಣಿಗಿಂತ ದೊಡ್ಡದು ಮೇಲೆ ನಿಲ್ಲುತ್ತದೆ, ಅಷ್ಟೇ. ಏರ್ ಫಿಲ್ಟರಿನ ಕಾಗದದಲ್ಲಿ ಸಂದಿಗಿಂತ ಸಣ್ಣ ಧೂಳೂ ನಾರಿನ ನಡುವೆ ಸಿಕ್ಕಿಬೀಳುತ್ತದೆ. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಮಣ್ಣು ರಸ್ತೆಯಲ್ಲಿ ಓಡಾಡಿದರೆ ಅಷ್ಟೂ ಗಾಳಿಯ ಧೂಳು ಅಲ್ಲೇ ಕೂರುತ್ತದೆ. ಮೇಲಿನದನ್ನು ಮೆಲ್ಲಗೆ ಕೊಡವಬಹುದು, ಒಳಗೆ ಹೊಕ್ಕಿದ್ದು ಬರುವುದಿಲ್ಲ. ಆಯಿಲ್ ಫಿಲ್ಟರಿಗೆ ಕೊಡವುವ ಮಾತೂ ಇಲ್ಲ, ಡಬ್ಬಿಯನ್ನೇ ಬದಲಿಸಬೇಕು. ಅದು ಕಟ್ಟಿಕೊಂಡರೆ ಬೈಪಾಸ್ ವಾಲ್ವ್ ತೆರೆದು ಸೋಸದ ಆಯಿಲನ್ನೇ ಎಂಜಿನ್ನಿಗೆ ಬಿಡುತ್ತದೆ. ಆಯಿಲಿಲ್ಲದೆ ಎಂಜಿನ್ ಒಣಗುವುದಕ್ಕಿಂತ ಕೊಳಕು ಆಯಿಲೇ ವಾಸಿ ಎಂಬ ಲೆಕ್ಕ.

‘ಶೋಧಕ’ ಬೇಡ. ಕಳೆದುಹೋದ ಬೀಗದಕೈ ಹುಡುಕುವ ಯಂತ್ರ ಅನ್ನಿಸುತ್ತದೆ. ಸೋಸುವುದಕ್ಕೆ ಉತ್ತರ ಕರ್ನಾಟಕದವರು ಹೇಳುವ ‘ಗಾಳಿಸು’ ನನಗೆ ಹಿಡಿಸಿತು. ಆಯುರ್ವೇದದ ‘ವಸ್ತ್ರಗಾಳಿತ’ (ಬಟ್ಟೆಯಲ್ಲಿ ಸೋಸಿದ) ಚೂರ್ಣದಲ್ಲೂ ಇದೇ ‘ಗಾಳಿಸು’ ಇದೆ. ಆದರೆ ‘ಗಾಳಿ ಗಾಳಿಸುವುದು’ ಎಂದು ಬರೆದರೆ ಮೈಸೂರಿನ ಕಡೆಯವರು ನಾಲಿಗೆ ತೊಡರಿತೇ ಎಂದು ಕೇಳಿಯಾರು.

ಇನ್ನು ಆಯಿಲ್. ‘ಕಾರಿಗೆ ಎಣ್ಣೆ ಹಾಕಿಸಿ’ ಎಂದು ಬರೆದರೆ ಶನಿವಾರ ಸಂಜೆಯ ನಗೆ ಗ್ಯಾರಂಟಿ. ‘ಕೀಲೆಣ್ಣೆ’ ಚೆಂದದ ಪದ. ಎತ್ತಿನ ಗಾಡಿಯ ಅಚ್ಚಿಗೆ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕಪ್ಪು ಕಲೆಸಿ ಹಚ್ಚುತ್ತಿದ್ದದ್ದು. ಮಜಾ ಏನೆಂದರೆ, 1909ರಲ್ಲಿ ಬಂದ ‘ಕ್ಯಾಸ್ಟ್ರಾಲ್’ ಹೆಸರೂ ಅದರಲ್ಲಿ ಬೆರೆಸಿದ್ದ ಹರಳೆಣ್ಣೆಯಿಂದಲೇ, ಅಂದರೆ ಕ್ಯಾಸ್ಟರ್ ಆಯಿಲಿನಿಂದಲೇ ಹುಟ್ಟಿದ್ದು. ಆದರೂ ಕೀಲೆಣ್ಣೆ ಅಂದರೆ ಗ್ರೀಸಿನಂಥ ಮಂದ ಮುದ್ದೆ ಕಣ್ಣಮುಂದೆ ಬರುತ್ತದೆ, 5ಡಬ್ಲ್ಯೂ-30ರಂಥ ತೆಳು ಆಯಿಲ್ ಅಲ್ಲ.

ತಕರಾರಿಲ್ಲದೆ ಕೂತ ಪದ ಒಂದೇ: ‘ಬಸಿ’. ಎಂಜಿನ್ ತುಸು ಬೆಚ್ಚಗಿರುವಾಗ ಅಡಿಯ ಬೋಲ್ಟ್ ಬಿಚ್ಚಿ ಹಳೇ ಆಯಿಲ್ ಬಸಿಯುವುದು, ಅನ್ನದ ಗಂಜಿ ಬಸಿದ ಹಾಗೆ.

ಈಗ ಕೇಳುವುದಿಷ್ಟು. ನಿಮ್ಮ ಊರಿನಲ್ಲಿ ಗಾಳಿ, ಹೊಗೆ ಇಂಥವನ್ನು ಸೋಸುವುದಕ್ಕೆ ಬೇರೆ ಕ್ರಿಯಾಪದ ಇದೆಯೇ? ‘ಗಾಳಿಸು’ ಹಿಟ್ಟು, ನೀರು ಎರಡಕ್ಕೂ ನಡೆಯುತ್ತದೆಯೇ? ಟ್ರಾಕ್ಟರ್ ಇಟ್ಟುಕೊಂಡವರು ಫಿಲ್ಟರಿಗೆ ಮನೆಯಲ್ಲಿ ಏನೆನ್ನುತ್ತೀರಿ? ‘ಫಿಲ್ಟರ್’ ಎಂದೇ ಬಿಡಿ ಅನ್ನುವವರೂ ಬರೆಯಿರಿ. ಗ್ಯಾರೇಜಿನವರ ಓಟು ಸದ್ಯಕ್ಕೆ ಅದಕ್ಕೇ.