ಕವಣಿ ಕಲ್ಲಿನ ವೇಗ: 19.8 ಖರೇನೋ, 19.1 ಖರೇನೋ?

ಪಿಯು_ವಿಜಯಪುರ:
ಜ್ವಾಳದ ಹೊಲದಾಗ ಅಟ್ಟದ ಮ್ಯಾಲೆ ನಿಂತು ಕವಣಿ ಬೀಸೋ ಲೆಕ್ಕ ಐತ್ರಿ. ಕಲ್ಲು ನೆಲದಿಂದ 3 ಮೀಟರ್ ಎತ್ತರದಾಗ, 45 ಡಿಗ್ರಿ ಕೋನದಾಗ ಬಿಡತೈತಿ. 40 ಮೀಟರ್ ದೂರ ನೆಲಕ್ಕ ಬೀಳತೈತಿ. ವ್ಯಾಪ್ತಿ ಸೂತ್ರಕ್ಕ (45 ಡಿಗ್ರಿಗೆ ದೂರ = ವೇಗ² ÷ ಜಿ; ಜಿ ಅಂದ್ರ ಗುರುತ್ವ ವೇಗೋತ್ಕರ್ಷ, 9.8) ಹಾಕಿದ್ರ √(40 × 9.8) = 19.8 ಮೀ/ಸೆ. ಉತ್ತರ 19.1 ಅಂತ ಕೊಟ್ಟಾರ. ಎಲ್ಲಿ ತಪ್ಪೈತ್ರಿ?

ಜಮಖಂಡಿ_ಲೆಕ್ಕ:
ಆ ಸೂತ್ರ ನಡೆಯೂದು ಕಲ್ಲು ಬಿಟ್ಟ ಮಟ್ಟಕ್ಕೇ ಬಂದು ಬಿದ್ರ ಮಾತ್ರ. ಇಲ್ಲಿ 3 ಮೀಟರ್ ಕೆಳಗ ಬಿದ್ದೈತಿ. ಎತ್ತರದಿಂದ ಪುಕ್ಕಟ ಸಿಕ್ಕ ದೂರಾನೂ ವೇಗದ ಖಾತೆಗೆ ಹಾಕೀರಿ, ಅದಕ್ಕ ಹೆಚ್ಚು ಬಂತು. ಅಡ್ಡ ಚಲನೆ, ಲಂಬ ಚಲನೆ ಎರಡೂ ಸಮೀಕರಣ ಬರದು ಕಾಲ ತೆಗೆದ್ರ:

ವೇಗ² = ಜಿ × ದೂರ² ÷ [2 × ಕಾಸ್²ಕೋನ × (ದೂರ × ಟ್ಯಾನ್ ಕೋನ + ಎತ್ತರ)]

ಮೇಲೆ 9.8 × 1600 = 15680. 45 ಡಿಗ್ರಿಗೆ 2 × ಕಾಸ್²ಕೋನ ಅಂದ್ರ 1, ಟ್ಯಾನ್ ಕೋನಾನೂ 1; ಹಂಗಾಗಿ ಕೆಳಗ 1 × (40 + 3) = 43. ಭಾಗಿಸಿದ್ರ 364.7, ವರ್ಗಮೂಲ 19.1.

ಕ್ಯಾಲ್ಕುಲೇಟರ್ ಡಿಗ್ರಿ ಬಿಟ್ಟು ರೇಡಿಯನ್‌ನಾಗ (ಕೋನದ ಇನ್ನೊಂದು ಅಳತಿ) ಇದ್ರ ಇದೇ ಸೂತ್ರ 20.5 ಕೊಡತೈತಿ. ನೋಡಾಕ ಸರಿ ಅನ್ನಿಸೋ ಸಂಖ್ಯೆ, ಅದೇ ಅಪಾಯ.

ಅಥಣಿ_ಪ್ರಯೋಗ:
ಹೊಲದಾಗ ಖರೇನ ಅಳಿಯೋರಿಗೆ ಕೋನ ಕಣ್ಣಳತಿಗೆ ಸಿಗಂಗಿಲ್ಲ. ಬದಿಯಿಂದ ಮೊಬೈಲ್ ವಿಡಿಯೋ ತಗದು ಫ್ರೇಮ್ ಎಣಸ್ರಿ. ಹಾರಾಟ 2.96 ಸೆಕೆಂಡ್ ಅಂದ್ರ:

ಅಡ್ಡ ವೇಗ 40 ÷ 2.96 = 13.5
ಲಂಬ ವೇಗ 4.9 × 2.96 − 3 ÷ 2.96 = 13.5 (4.9 ಅಂದ್ರ ಜಿ ಅರ್ಧ, 3 ಅಂದ್ರ ಎತ್ತರ)

ಎರಡರ ವರ್ಗ ಕೂಡಿಸಿ ಮೂಲ ತಗದ್ರ 19.1, ಕೋನ ಬ್ಯಾಡವೇ ಬ್ಯಾಡ. ವಿಡಿಯೋ ಬಿಟ್ಟು ಕೈಗಡಿಯಾರದಾಗ ಅಳದು 0.2 ಸೆಕೆಂಡ್ ಹೆಚ್ಚಾದ್ರೂ ವೇಗ 19.3ಕ್ಕ ಹೋಗತೈತಿ ಅಷ್ಟ. ಕೋನ ಮಾತ್ರ 49 ಡಿಗ್ರಿ ತೋರಿಸತೈತಿ. 45ರ ಆಸುಪಾಸು ಲೆಕ್ಕ ಹಿಂಗ ತಡಕೊಳ್ಳತೈತಿ. 20 ಡಿಗ್ರಿಗೆ ಚಪ್ಪಟೆ ಎಸದು ಕೋನ ಮೂರು ಡಿಗ್ರಿ ತಪ್ಪಿ ಓದಿದ್ರ 22.5 ಇದ್ದದ್ದು 21.5 ಆಗತೈತಿ.

ಎತ್ತರ ಅಂದ್ರ ಅಟ್ಟದ್ದಲ್ಲ, ಕಲ್ಲು ಕವಣಿ ಬಿಡೋ ಜಾಗದ್ದು. ದೂರ ಆ ಜಾಗದ ನೇರ ಕೆಳಗಿಂದ, ಕಲ್ಲು ಮೊದಲು ತಾಗಿದ ಗುರುತಿನ ತನಕ; ಉರುಳಿ ನಿಂತಲ್ಲಿಗೆ ಅಲ್ಲ.

ಪಿಯು_ವಿಜಯಪುರ:
ಗಾಳಿ ಲೆಕ್ಕಕ್ಕ ಬ್ಯಾಡೇನ್ರಿ?

ಇಂಡಿ_ಲಿಂಬಿ:
ಪರೀಕ್ಷೆಗೆ ಬ್ಯಾಡ. ಹೊಲಕ್ಕ ಬೇಕು. 4 ಸೆಂ.ಮೀ. ದುಂಡು ಕಲ್ಲು, ಅಂದ್ರ ಲಿಂಬಿಕಾಯಿ ಗಾತ್ರದ್ದು, ಸುಮಾರು 87 ಗ್ರಾಂ ತೂಗತೈತಿ. 19 ಮೀ/ಸೆ ವೇಗದಾಗ ಗಾಳಿ ತಡೆಯೋ ಬಲ ಅದರ ತೂಕದ ಏಳನೇ ಒಂದು ಪಾಲಿನಷ್ಟು. ಹಂಗಾಗಿ ಕೈ ಬಿಟ್ಟಾಗಿನ ಖರೇ ವೇಗ 19.1ಕ್ಕಿಂತ ಹೆಚ್ಚs ಇರತೈತಿ. ಕಲ್ಲು ಸಣ್ಣದಾದಷ್ಟೂ ಈ ಅಂತರ ಹೆಚ್ಚು.